ಕರಗಿದ ಮೇಲೆ ಹೋಗುವುದೆಲ್ಲಿಗೆ?

ನ್ಯಾನೊ ಔಷಧಿ ಕ್ಷಿಪಣಿಯ ಹಾಗೆ ನೇರ ಕ್ಯಾನ್ಸರ್ ಗಡ್ಡೆಗೇ ಹೋಗಿ ಬೀಳುತ್ತದೆ ಎಂಬ ಮಾತು ಎಷ್ಟು ಚಾಲ್ತಿಯಲ್ಲಿದೆಯೆಂದರೆ, ಅದನ್ನು ಅನುಮಾನಿಸುವವನೇ ಪೆದ್ದನಂತೆ ಕಾಣುತ್ತಾನೆ. ವಾಸ್ತವದಲ್ಲಿ ಔಷಧಿ ಹೊತ್ತ ಈ ಅತಿಸೂಕ್ಷ್ಮ ಕಣಗಳಿಗೆ ದಾರಿ ಗೊತ್ತಿಲ್ಲ. ರಕ್ತ ಒಯ್ದಲ್ಲಿಗೆ ಹೋಗುತ್ತವೆ. ಗಡ್ಡೆಯ ರಕ್ತನಾಳಗಳು ಅಲ್ಲಲ್ಲಿ ಸೋರುವುದರಿಂದ ಕೆಲವು ಅಲ್ಲಿ ಒಳಹೊಕ್ಕು ಉಳಿಯುತ್ತವೆ. ಎಷ್ಟು? ಅದುವರೆಗಿನ 10 ವರ್ಷಗಳ ಪ್ರಾಣಿಪ್ರಯೋಗಗಳನ್ನು ಟೊರಾಂಟೊ ವಿಜ್ಞಾನಿಗಳು 2016ರಲ್ಲಿ ಒಟ್ಟಿಗೆ ಲೆಕ್ಕ ಹಾಕಿದಾಗ ಸಿಕ್ಕ ಮಧ್ಯಾಂಕ ಶೇ. 0.7. ಅಂದರೆ ಸಾವಿರಕ್ಕೆ ಏಳು. ಉಳಿದವುಗಳಲ್ಲಿ ಬಹುಪಾಲು ಸೇರುವುದು ಪಿತ್ತಜನಕಾಂಗಕ್ಕೆ, ಗುಲ್ಮಕ್ಕೆ. ಕರಗುವ ಕಣಗಳ ಹುಡುಕಾಟಕ್ಕೆ ದಾರಿ ತಪ್ಪಿದ ಇವುಗಳ ಚಿಂತೆಯೂ ಒಂದು ಕಾರಣ. ಚಿನ್ನದ ಕಣ ಕರಗುವುದಿಲ್ಲ. ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ.

ಹಾಗಾದರೆ ಬೇಗ ಕರಗಿದಷ್ಟೂ ಒಳ್ಳೆಯದಲ್ಲವೇ? ಅದೂ ತಪ್ಪೇ. 2009ರಲ್ಲಿ ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೈಕೆಲ್ ಸೇಲರ್ ತಂಡ ಸಿಲಿಕಾನನ್ನು ಆಮ್ಲದಲ್ಲಿ ಕೊರೆದು, ಜೇನುಗೂಡಿನ ಹಾಗೆ ತೂತು ತೂತಾದ ಕಣಗಳನ್ನು ಮಾಡಿತು. ಬೆಳಕು ಹಾಯಿಸಿದರೆ ಅವು ತಾವೇ ಹೊಳೆದು ಗಡ್ಡೆಯನ್ನು ತೋರಿಸುತ್ತವೆ. ತೂತುಗಳಲ್ಲಿ ಔಷಧಿ ತುಂಬಬಹುದು. ಆದರೆ ಬರಿಯ ಕಣ ಬಲು ಬೇಗ ಕರಗುತ್ತದೆ, ಗಡ್ಡೆ ಕಾಣುವ ಮೊದಲೇ ಹೊಳಪು ಆರುತ್ತದೆ. ಅದಕ್ಕೆ ಡೆಕ್ಸ್‌ಟ್ರಾನ್ ಎಂಬ ಸಕ್ಕರೆ ಜಾತಿಯ ಪದಾರ್ಥದ ಹೊದಿಕೆ ಕೊಟ್ಟರು. ಆಗ ಇಲಿಯ ಗಡ್ಡೆ ಕಾಣುವಷ್ಟು ಹೊತ್ತು ಉಳಿದು, ನಿಧಾನವಾಗಿ ಸಿಲಿಸಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಬಿತ್ತು. ಸುಮಾರು 4 ವಾರಗಳಲ್ಲಿ ಇಲಿಯ ಅಂಗಗಳಲ್ಲಿ ಕಣಗಳು ಬಹುಮಟ್ಟಿಗೆ ಖಾಲಿ. ಈ ಆಮ್ಲ ನಾವು ಕುಡಿಯುವ ನೀರಿನಲ್ಲೂ ಇದೆ. ಎಲ್ಲ ಕಣಗಳ ಚೂರೂ ಇಷ್ಟು ಸಾಧು ಎಂದುಕೊಳ್ಳಬೇಡಿ. ಕ್ಯಾಡ್ಮಿಯಂ ಇರುವ ಕಣ ಕರಗಿದರೆ ಬರುವುದು ವಿಷ.

ಕರಗಿದ್ದೆಲ್ಲ ಹೊರಗೆ ಹೋಗಲೇಬೇಕೆಂದೂ ಇಲ್ಲ. ರಕ್ತಹೀನತೆಗೆಂದು ಅಮೆರಿಕದಲ್ಲಿ 2009ರಲ್ಲಿ ಒಪ್ಪಿಗೆ ಪಡೆದ ಫೆರುಮಾಕ್ಸಿಟಾಲ್‌ನ ಕಬ್ಬಿಣದ ಕಣಗಳನ್ನು ಎಂಆರ್‌ಐ ಚಿತ್ರಕ್ಕೂ ಬಳಸುತ್ತಾರೆ. ಕೆಲಸ ಮುಗಿದ ಮೇಲೆ ಆ ಕಬ್ಬಿಣ ಮೈಯ ದಾಸ್ತಾನಿಗೇ ಸೇರಿ, ಹಿಮೋಗ್ಲೋಬಿನ್ ಆಗುತ್ತದೆ. ಇನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಸಿಲಿಕಾ ಚುಕ್ಕಿಗಳು ಸುಮಾರು 6 ನ್ಯಾನೊಮೀಟರಿನವು, ಕರಗುವ ತನಕ ಕಾಯದೆ ಮೂತ್ರಪಿಂಡದಿಂದ ಸೋಸಿ ಹೋಗುತ್ತವೆ.

ಒಂದೇ ಸೂಜಿಯಲ್ಲಿ ಕೊಟ್ಟ ಕಣಗಳಿಂದ ಗಡ್ಡೆ ನೋಡುವುದೂ ಆಯಿತು, ಸುಡುವುದೂ ಆಯಿತು ಎನ್ನುವ ಸುದ್ದಿಗಳು ಹೆಚ್ಚಾಗಿ ಇಲಿಗಳವು. ಆಸ್ಪತ್ರೆಯಲ್ಲಿ ರೂಢಿಯಲ್ಲಿರುವ ಕ್ಯಾನ್ಸರ್ ನ್ಯಾನೊ ಔಷಧಿಯೆಂದರೆ 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಲಿಪೊಸೋಮ್ ಡಾಕ್ಸೊರುಬಿಸಿನ್ ಥರದ್ದು: ಕೊಬ್ಬಿನ ಪುಟ್ಟ ಗುಳ್ಳೆಯೊಳಗೆ ಔಷಧಿ. ಬಾಟಲಿಯಲ್ಲಿ ಕೆಂಪಗೆ ಕಾಣುತ್ತದೆ. ಮೈಯೊಳಗೆ ಹೋದ ಮೇಲೆ ಸಿಟಿ, ಎಂಆರ್‌ಐ ಎರಡರಲ್ಲೂ ಕಾಣುವುದಿಲ್ಲ.