ಉತಾರ ಓದುವ ವಿದ್ಯೆ

ಜಮಖಂಡಿ ತಾಲ್ಲೂಕಿನ ಹುನ್ನೂರಿನಿಂದಾಗಲಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಬೇರಾವುದೇ ಊರಿನಿಂದಾಗಲಿ ವಕೀಲರ ಕಚೇರಿಗೆ ಬರುವ ಕಕ್ಷಿದಾರ ಸಾಮಾನ್ಯವಾಗಿ ತನ್ನೊಡನೆ ತರುವುದು ಕಾಗದಗಳ ಒಂದು ಕಟ್ಟನ್ನು: ಹೊಲದ ಉತಾರ (ಅಂದರೆ ಪಹಣಿ), ಎಂದೋ ಆದ ಖರೀದಿ ಪತ್ರದ ಮಾಸಿದ ನಕಲು, ಬ್ಯಾಂಕಿನ ಒಂದು ಚೀಟಿ, ಇವುಗಳ ಜೊತೆಗೆ ಎಲ್ಲಿಂದ ಆರಂಭಿಸಬೇಕೆಂದು ಅವನಿಗೇ ತಿಳಿಯದ ಒಂದು ದೀರ್ಘ ಕಥೆ. ಆ ಕಥೆಯನ್ನು ತಾಳ್ಮೆಯಿಂದ ಕೇಳಿ, ಕಾಗದಗಳೊಡನೆ ತಾಳೆ ನೋಡಿ, ಅದರಲ್ಲಿ ನ್ಯಾಯಾಲಯ ಉತ್ತರಿಸಬಹುದಾದ ಪ್ರಶ್ನೆ ಯಾವುದೆಂದು ಹುಡುಕಿ ತೆಗೆಯುವುದೇ ವಕೀಲಿಕೆಯ ಮೊದಲ ಕೆಲಸವಾಗಿದ್ದರೂ, ಪದವಿ ಪರೀಕ್ಷೆಯಲ್ಲಿ ಉತ್ತಮ ಅಂಕ ಪಡೆದ ವಿದ್ಯಾರ್ಥಿಗೆ ಆ ಕೆಲಸ ಬರುತ್ತದೆಂದು ಹೇಳಲಾಗದು. ಸಂವಿಧಾನದ ವಿಧಿಗಳನ್ನು ಕ್ರಮವಾಗಿ ಹೇಳಬಲ್ಲವನು ಹೊಲದ ಮೇಲಿನ ಸಾಲ ಮತ್ತಿತರ ಹಕ್ಕುಗಳನ್ನು ನಮೂದಿಸುವ ಉತಾರದ ಹನ್ನೊಂದನೆಯ ಅಂಕಣದ ಮುಂದೆ ತಡವರಿಸುವುದು ಅಪರೂಪದ ಸಂಗತಿಯೇನಲ್ಲ.

ಈ ಕೊರತೆ ನಿಯಮಗಳಲ್ಲಿ ಇರುವುದಲ್ಲ ಎಂಬುದನ್ನು ಮೊದಲೇ ಹೇಳಬೇಕು. ದೇಶದ ಕಾನೂನು ಶಿಕ್ಷಣದ ಮಟ್ಟವನ್ನು ನಿಗದಿಪಡಿಸುವ ಭಾರತೀಯ ವಕೀಲರ ಪರಿಷತ್ತು 1997ರಲ್ಲಿಯೇ ನಾಲ್ಕು ಪ್ರಾಯೋಗಿಕ ಪತ್ರಿಕೆಗಳನ್ನು ಕಡ್ಡಾಯಗೊಳಿಸಿತು. 2008ರ ಕಾನೂನು ಶಿಕ್ಷಣ ನಿಯಮಗಳು ಅವನ್ನು ಮುಂದುವರಿಸಿದವು. ಹುಬ್ಬಳ್ಳಿಯ ನವನಗರದಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿರುವ ಕಾಲೇಜುಗಳೆಲ್ಲ, ಬಾಗಲಕೋಟೆಯ ಎಸ್.ಸಿ. ನಂದಿಮಠ ಕಾನೂನು ಮಹಾವಿದ್ಯಾಲಯವಾಗಲಿ, 1939ರಲ್ಲಿ ಆರಂಭವಾದ ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಮಹಾವಿದ್ಯಾಲಯವಾಗಲಿ, ಈ ಚೌಕಟ್ಟಿನಲ್ಲಿಯೇ ಪಾಠ ನಡೆಸಬೇಕು. ನಾಲ್ಕು ಪತ್ರಿಕೆಗಳಲ್ಲಿ ವೃತ್ತಿನೀತಿಯದು ಒಂದು, ರಾಜಿ-ಮಧ್ಯಸ್ಥಿಕೆಯಂತಹ ಪರ್ಯಾಯ ವ್ಯಾಜ್ಯ ಪರಿಹಾರದ್ದು ಇನ್ನೊಂದು. ಮೂರನೆಯದು ಕರಡು ರಚನೆಗೆ ಸಂಬಂಧಿಸಿದ್ದು: ವಾದಪತ್ರ, ಕೈಫಿಯತ್ತು (ಪ್ರತಿವಾದಿಯ ಲಿಖಿತ ಉತ್ತರ) ಮೊದಲಾದ ನ್ಯಾಯಾಲಯದ ಬರಹಗಳಲ್ಲಿ 15 ಅಭ್ಯಾಸಗಳು, ಖರೀದಿ ಪತ್ರ, ಬಕ್ಷೀಸು ಪತ್ರ, ಮೃತ್ಯುಪತ್ರ ಮೊದಲಾದ ಆಸ್ತಿ ಪತ್ರಗಳಲ್ಲಿ 15 ಅಭ್ಯಾಸಗಳು, ಎರಡಕ್ಕೂ ತಲಾ 45 ಅಂಕ, ಉಳಿದ 10 ಅಂಕ ಮೌಖಿಕ ಪರೀಕ್ಷೆಗೆ. ನಾಲ್ಕನೆಯ ಪತ್ರಿಕೆಯಲ್ಲಿ ಅಣಕು ನ್ಯಾಯಾಲಯಕ್ಕೆ, ಅಂದರೆ ಕಲ್ಪಿತ ಮೊಕದ್ದಮೆಯೊಂದರಲ್ಲಿ ಎರಡು ಪಕ್ಷಗಳಾಗಿ ನಿಂತು ವಾದಿಸುವ ಅಭ್ಯಾಸಕ್ಕೆ, 30 ಅಂಕಗಳಿವೆ. ಒಂದು ಸಿವಿಲ್ ಮತ್ತು ಒಂದು ಕ್ರಿಮಿನಲ್ ವಿಚಾರಣೆಯನ್ನು ನ್ಯಾಯಾಲಯದಲ್ಲಿ ಕುಳಿತು ಗಮನಿಸುವುದಕ್ಕೆ 30. ವಕೀಲರು ಕಕ್ಷಿದಾರರೊಡನೆ ಮಾತನಾಡುವುದನ್ನೂ ದಾವೆಯ ಕಾಗದಗಳನ್ನು ಸಿದ್ಧಪಡಿಸುವುದನ್ನೂ ಕಂಡು ದಿನಚರಿ ಬರೆಯುವುದಕ್ಕೆ 30.

ಅಂಕಗಳು ಹೀಗೆ ಸಮನಾಗಿ ಹಂಚಿಕೆಯಾಗಿದ್ದರೂ ಕಾಲೇಜುಗಳ ಉತ್ಸಾಹ ಹಾಗೆ ಹಂಚಿಕೆಯಾಗುವುದಿಲ್ಲ. ಅಣಕು ನ್ಯಾಯಾಲಯಕ್ಕೆ ಕರಿಕೋಟು, ಬಿಳಿ ಪಟ್ಟಿ, ಸ್ಪರ್ಧೆ, ಫಲಕ, ಛಾಯಾಚಿತ್ರಗಳಿರುತ್ತವೆ. ಕಕ್ಷಿದಾರನ ಮಾತನ್ನು ಕೇಳುವ ಅಭ್ಯಾಸಕ್ಕೆ ಅವು ಯಾವುವೂ ಇರುವುದಿಲ್ಲ. ಮೇಲಾಗಿ ಅಣಕು ನ್ಯಾಯಾಲಯದಲ್ಲಿ ಸಂಗತಿಗಳನ್ನು ಮೊದಲೇ ಮುದ್ರಿಸಿ ಕೈಗೆ ಕೊಟ್ಟಿರುತ್ತಾರೆ, ಆದ್ದರಿಂದ ವಿದ್ಯಾರ್ಥಿಯ ಶ್ರಮವೆಲ್ಲ ಮೇಲ್ಮನವಿ ನ್ಯಾಯಾಲಯದ ಶೈಲಿಯ ವಾದಕ್ಕೆ ಮೀಸಲಾಗುತ್ತದೆ. ತಾಲ್ಲೂಕು ನ್ಯಾಯಾಲಯದ ವಕೀಲನ ಪಾಡು ಇದಕ್ಕೆ ತದ್ವಿರುದ್ಧ: ಅಲ್ಲಿ ಕಾನೂನು ಬಹುಮಟ್ಟಿಗೆ ನಿಶ್ಚಿತವಾಗಿರುತ್ತದೆ, ಸಂಗತಿಗಳೇ ಕೈಗೆ ಸಿಗುವುದಿಲ್ಲ.

ತವರಿನ ಹೊಲದಲ್ಲಿ ಪಾಲು ಕೇಳಿಕೊಂಡು ಬರುವ ಹೆಣ್ಣುಮಗಳ ಪ್ರಕರಣವನ್ನು, ಈ ಸೀಮೆಯ ಸಿವಿಲ್ ನ್ಯಾಯಾಲಯಗಳಿಗೆ ಅತ್ಯಂತ ಪರಿಚಿತವಾದ ಮಾದರಿಯಾದ್ದರಿಂದ, ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಮಗಳನ್ನೂ ಸಹದಾಯಾದಿಯನ್ನಾಗಿ, ಅಂದರೆ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲುಳ್ಳವಳನ್ನಾಗಿ, ಮಾಡಿತೆಂಬುದು ವಿದ್ಯಾರ್ಥಿಗೆ ತಿಳಿದಿರುತ್ತದೆ. ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ಈ ಹಕ್ಕಿಗೆ 2005ರಲ್ಲಿ ತಂದೆ ಬದುಕಿರಬೇಕೆಂಬ ಷರತ್ತಿಲ್ಲವೆಂದು ಹೇಳಿದ್ದೂ ತಿಳಿದಿರಬಹುದು. ಕರ್ನಾಟಕವು ಅದಕ್ಕೂ ಮುಂಚೆ, 1994ರ ಜುಲೈ 30ರಿಂದಲೇ, ಅಂದಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಇಂಥದೇ ಹಕ್ಕನ್ನು ಕೊಟ್ಟಿತ್ತೆಂಬುದು ಕೆಲವರಿಗಾದರೂ ನೆನಪಿರಬಹುದು. ಆದರೆ ದಾವೆಯ ಗತಿಯನ್ನು ನಿರ್ಧರಿಸುವುದು ಬೇರೊಂದು ಪ್ರಶ್ನೆ: ಅಣ್ಣತಮ್ಮಂದಿರ ನಡುವೆ ವಾಟ್ನಿ, ಅಂದರೆ ಆಸ್ತಿಯ ಪಾಲು, ಆಗಿತ್ತೇ, ಆಗಿದ್ದರೆ ಯಾವಾಗ, ಯಾವ ಬಗೆಯಲ್ಲಿ? 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದ ಮೂಲಕವೋ ನ್ಯಾಯಾಲಯದ ಡಿಕ್ರಿಯ ಮೂಲಕವೋ ಆದ ಪಾಲುಪಟ್ಟಿಯನ್ನು ಕಾಯ್ದೆ ಅಲುಗಿಸುವುದಿಲ್ಲ. ಹಳ್ಳಿಗಳಲ್ಲಿಯಾದರೋ ಎಷ್ಟೋ ವಾಟ್ನಿಗಳು ಹಿರಿಯರೆದುರು ಬಾಯಿಮಾತಿನಲ್ಲಿ ಆಗಿ, ತಲಾಟಿಯ, ಅಂದರೆ ಗ್ರಾಮ ಲೆಕ್ಕಿಗರ, ಬಳಿ ವರದಿ ಕೊಟ್ಟು, ಉತಾರದಲ್ಲಿ ಹೆಸರು ಬೇರೆಬೇರೆಯಾದಲ್ಲಿಗೆ ಮುಗಿದುಹೋಗಿವೆ. ಇಂತಹ ಮೌಖಿಕ ಪಾಲನ್ನು ಸಾಮಾನ್ಯವಾಗಿ ಒಪ್ಪಲಾಗದೆಂದೂ, ಸಾರ್ವಜನಿಕ ದಾಖಲೆಗಳ ಬಲವಾದ ಆಧಾರವಿರುವ ಅಪವಾದದ ಸಂದರ್ಭಗಳಲ್ಲಿ ಮಾತ್ರ ಪರಿಗಣಿಸಬಹುದೆಂದೂ ಅದೇ ತೀರ್ಪು ಹೇಳಿರುವುದರಿಂದ, ಹಕ್ಕು ಬದಲಾವಣೆಯ ಹಳೆಯ ನಮೂದೊಂದನ್ನು ಹುಡುಕಿ ತೆಗೆಸಿ, ಅದರಲ್ಲಿ ಯಾರ ಸಹಿ ಇದೆ, ಯಾರದು ಇಲ್ಲ ಎಂದು ಓದಬಲ್ಲ ವಕೀಲನೇ ಈ ಮೊಕದ್ದಮೆಗೆ ಬೇಕಾದವನು. ಆ ನಮೂದಿನ ಬಗ್ಗೆ ಕಕ್ಷಿದಾರಳು ತಾನಾಗಿ ಹೇಳುವುದಿಲ್ಲ, ಏಕೆಂದರೆ ಅದಕ್ಕೆ ಬೆಲೆಯಿದೆಯೆಂದು ಅವಳಿಗೆ ಗೊತ್ತಿರುವುದಿಲ್ಲ. ಅಣ್ಣನ ಮೇಲಿನ ಸಿಟ್ಟು, ತಾಯಿಯ ಕಾಯಿಲೆ, ಮದುವೆಯಲ್ಲಿ ಕೊಟ್ಟ ಬಂಗಾರ, ಇವುಗಳ ನಡುವಿನಿಂದ ಸರಿಯಾದ ಪ್ರಶ್ನೆ ಕೇಳಿ ಅದನ್ನು ಹೊರತೆಗೆಯಬೇಕು. ಹೀಗೆ ಕೇಳುವುದು ಹುಟ್ಟುಗುಣವೆಂದು ತಿಳಿಯುವವರಿದ್ದಾರೆ; ವಾಸ್ತವವಾಗಿ ಅದು ಕಲಿಸಬಹುದಾದ ಕೌಶಲ, ಮೊದಲು ಅಡ್ಡ ಬಾರದೆ ಕೇಳಿಸಿಕೊಂಡು, ಬಳಿಕ ತಾರೀಖುಗಳ ಪಟ್ಟಿ ಮಾಡಿ, ಕೊನೆಗೆ ಪ್ರತಿಯೊಂದು ತಾರೀಖಿಗೂ ಯಾವ ಕಾಗದವಿದೆಯೆಂದು ವಿಚಾರಿಸುವ ಒಂದು ಕ್ರಮ.

ಕೇಳಿದ್ದನ್ನು ಬರೆಯುವುದು ಎರಡನೆಯ ಹಂತ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ವಾದಪತ್ರದಲ್ಲಿ ಸಂಗತಿಗಳನ್ನು ಹೇಳಬೇಕೇ ಹೊರತು ಅವನ್ನು ರುಜುವಾತುಪಡಿಸುವ ಸಾಕ್ಷ್ಯವನ್ನಲ್ಲ. ಸ್ಥಿರಾಸ್ತಿಯ ದಾವೆಯಾದರೆ ಆ ಆಸ್ತಿಯನ್ನು ಗುರುತಿಸುವಷ್ಟು ವಿವರ, ಅಂದರೆ ಚಕ್ಕುಬಂದಿ ಅಥವಾ ಸರ್ವೆ ನಂಬರು, ಅದರಲ್ಲಿರಬೇಕು. ಸರ್ವೆ ನಂಬರಿನ ಉಪವಿಭಾಗವನ್ನು ಸೂಚಿಸುವ ಹಿಸ್ಸಾ ನಂಬರು ತಪ್ಪಿಹೋದರೆ ದಾವೆ ಗೆದ್ದ ಮೇಲೂ ಅಮಲ್ಜಾರಿಯ ಹಂತದಲ್ಲಿ, ಅಂದರೆ ಡಿಕ್ರಿಯನ್ನು ಜಾರಿಗೆ ತರುವಾಗ, ವರ್ಷಗಟ್ಟಲೆ ತೊಡಕು ಉಳಿಯುತ್ತದೆ. ಅಧೀನ ನ್ಯಾಯಾಲಯಗಳಲ್ಲಿ ಕನ್ನಡ ಬಳಕೆಗೆ ಅವಕಾಶವಿದ್ದರೂ ಕರಡು ರಚನೆಯ ಮಾದರಿಗಳು ಬಹುಪಾಲು ಇಂಗ್ಲಿಷಿನಲ್ಲಿಯೇ ಇರುವುದರಿಂದ, ಸಾಕ್ಷಿಯ ಕನ್ನಡ ಮಾತನ್ನು ಇಂಗ್ಲಿಷಿಗೆ ಹೊರಳಿಸಿ ಮತ್ತೆ ಕನ್ನಡದಲ್ಲಿ ಅವನಿಗೆ ಓದಿ ಹೇಳುವ ವಿಚಿತ್ರ ಸುತ್ತು ಇನ್ನೂ ನಡೆದಿದೆ. ಕಬ್ಬಿನ ಹೊಲದ ದಾರಿಯ ಜಗಳವನ್ನು ಕನ್ನಡದಲ್ಲಿ ನೇರವಾಗಿ, ಹತ್ತು ಚಿಕ್ಕ ಕಂಡಿಕೆಗಳಲ್ಲಿ ಬರೆಯಬಲ್ಲ ವಿದ್ಯಾರ್ಥಿಯನ್ನು ತಯಾರಿಸುವ ಕಾಲೇಜು ಸ್ಪರ್ಧೆಯ ಫಲಕಗಳಿಗಿಂತ ಹೆಚ್ಚಿನದನ್ನು ಸಾಧಿಸಿದಂತೆ.

ಅವಧಿಗಳ ಲೆಕ್ಕವೂ ಇಂಥದೇ ಕೌಶಲ. ನೂಲು ಮತ್ತು ಸೀರೆಯ ವ್ಯಾಪಾರ ನಡೆಯುವ ರಬಕವಿ-ಬನಹಟ್ಟಿಯಂಥ ನೇಕಾರರ ಊರುಗಳಲ್ಲಿ ಚೆಕ್ಕು ವಾಪಸಾದರೆ, ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ನೋಟಿಸು ಕೊಡಬೇಕು, ನೋಟಿಸು ತಲುಪಿದವನಿಗೆ ಹಣ ಕಟ್ಟಲು 15 ದಿನಗಳಿರುತ್ತವೆ, ಅದು ಕಳೆದ ಒಂದು ತಿಂಗಳೊಳಗೆ ಫಿರ್ಯಾದಿ ಸಲ್ಲಿಸಬೇಕು. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದಿಂದ ಭೂಮಿ ಕಳೆದುಕೊಳ್ಳುವ ರೈತರಿಗೂ ಪರಿಹಾರ ಸಾಲದೆಂದು ನ್ಯಾಯಾಧಿಕರಣದ ಮುಂದೆ ಹೋಗಲು ಭೂಸ್ವಾಧೀನ ಕಾಯ್ದೆ ನಿಗದಿಪಡಿಸಿದ ಗಡುವುಗಳಿವೆ. ತರಗತಿಯಲ್ಲಿ ಈ ಅಂಕಿಗಳು ಎರಡು ಅಂಕದ ಪ್ರಶ್ನೆ. ಕಚೇರಿಯಲ್ಲಿ ಒಂದು ದಿನದ ಅಲಕ್ಷ್ಯ ಕಕ್ಷಿದಾರನ ಹಕ್ಕನ್ನೇ ಅಪಾಯಕ್ಕೆ ಒಡ್ಡಬಹುದು.

ಇವೆಲ್ಲವನ್ನೂ ಕಲಿಯಲು ಇರುವ ದಾರಿ ಇಂಟರ್ನ್‌ಶಿಪ್, ಅಂದರೆ ವಕೀಲರ ಕಚೇರಿ, ನ್ಯಾಯಾಲಯ, ಸ್ವಯಂಸೇವಾ ಸಂಸ್ಥೆ ಮೊದಲಾದೆಡೆ ಕೆಲಸ ಕಲಿಯುವ ಅವಧಿ. ಮೂರು ವರ್ಷದ ಪದವಿಗೆ ಕನಿಷ್ಠ 12 ವಾರ, ಐದು ವರ್ಷದ ಪದವಿಗೆ 20 ವಾರ ಎಂದು ನಿಯಮವಿದೆ. ಈ ವಾರಗಳು ಪ್ರಮಾಣಪತ್ರದ ಮೇಲಿನ ಸಹಿಯಲ್ಲಿ ಮುಗಿದುಹೋಗುವುದು ಎಲ್ಲರಿಗೂ ತಿಳಿದ ಗುಟ್ಟು. ದೊಡ್ಡ ನಗರಕ್ಕೆ ಹೋದರೆ ಮಾತ್ರ ಕಲಿಕೆಯೆಂಬ ನಂಬಿಕೆಯೂ ಇದಕ್ಕೆ ಒಂದು ಕಾರಣ. ಧಾರವಾಡದ ಹೈಕೋರ್ಟ್ ಪೀಠದಲ್ಲಿ ಒಂದು ತಿಂಗಳು ಹಿಂದಿನ ಬೆಂಚಿನಲ್ಲಿ ಕುಳಿತವನಿಗಿಂತ ಜಮಖಂಡಿಯ ನ್ಯಾಯಾಲಯದಲ್ಲಿ ಒಂದೇ ದಾವೆಯ ಕಡತವನ್ನು ವಾದಪತ್ರದಿಂದ ಪಾಟೀಸವಾಲಿನವರೆಗೆ, ಅಂದರೆ ಎದುರುಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವ ಹಂತದವರೆಗೆ, ಓದಿ ಹಿಂಬಾಲಿಸಿದವನು ಹೆಚ್ಚು ಕಲಿತಿರುತ್ತಾನೆ. ಅಮೆರಿಕದಲ್ಲಿ ಮೇಲ್ವಿಚಾರಣೆಗೊಳಪಟ್ಟು ವಿದ್ಯಾರ್ಥಿಗಳೇ ಬಡವರ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲಲು ಅವಕಾಶವಿದೆ; ಭಾರತದಲ್ಲಿ 1961ರ ವಕೀಲರ ಕಾಯ್ದೆ ವಕೀಲಿಕೆಯನ್ನು ನೋಂದಾಯಿತ ವಕೀಲರಿಗೆ ಮೀಸಲಿಟ್ಟಿರುವುದರಿಂದ ವಿದ್ಯಾರ್ಥಿಗೆ ಉಳಿಯುವುದು ಕೇಳುವ, ಓದುವ, ಬರೆಯುವ ಕೆಲಸಗಳು. ಕಲಿಕೆಗೆ ಅವು ಕಡಿಮೆಯವೇನಲ್ಲ.

ಪದವಿಯ ನಂತರವಾದರೂ ಕಡ್ಡಾಯ ತರಬೇತಿ ಇರಲೆಂದು ವಕೀಲರ ಪರಿಷತ್ತು 1995ರಲ್ಲಿ ಒಂದು ವರ್ಷದ ತರಬೇತಿಯ ನಿಯಮ ಮಾಡಿತ್ತು. ಪರಿಷತ್ತಿಗೆ ಆ ಅಧಿಕಾರವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ವಿ. ಸುದೀರ್ ಪ್ರಕರಣದಲ್ಲಿ ಅದನ್ನು ರದ್ದುಪಡಿಸಿತು. ಆ ಬಳಿಕ ಬಂದ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು 2023ರಲ್ಲಿ ಸಂವಿಧಾನ ಪೀಠ ಎತ್ತಿಹಿಡಿದಿದೆಯಾದರೂ, ಅದು 100 ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ. ಅದರಲ್ಲಿ ಒಂದು ಸಾಲು ಕರಡನ್ನೂ ಬರೆಯಬೇಕಾಗಿಲ್ಲ. 2025ರ ಮೇ 20ರಂದು ಅದೇ ನ್ಯಾಯಾಲಯ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷಗಳ ವಕೀಲಿಕೆಯನ್ನು ಮತ್ತೆ ಕಡ್ಡಾಯಗೊಳಿಸಿರುವುದು, ಪುಸ್ತಕದ ಜ್ಞಾನವೊಂದೇ ಸಾಲದೆಂಬ ಅನುಭವದ ಫಲ.

ಕಾಲೇಜು ಮತ್ತು ಹಳ್ಳಿ ಪರಸ್ಪರ ಭೇಟಿಯಾಗುವ ವ್ಯವಸ್ಥೆಯೂ ಈಗಾಗಲೇ ಇದೆ. ಪ್ರತಿ ಕಾನೂನು ಕಾಲೇಜು ಹಿರಿಯ ಅಧ್ಯಾಪಕರ ಉಸ್ತುವಾರಿಯಲ್ಲಿ ಕಾನೂನು ನೆರವು ಕೇಂದ್ರ ನಡೆಸಬೇಕು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಯೋಜನೆಯಂತೆ ವಿದ್ಯಾರ್ಥಿಗಳು ಅರೆಕಾನೂನು ಸ್ವಯಂಸೇವಕರಾಗಬಹುದು. ವರ್ಷಕ್ಕೊಮ್ಮೆ ಬ್ಯಾನರು ಕಟ್ಟಿ ಭಾಷಣ ಮಾಡಿ ಬರುವುದಕ್ಕೆ ಬದಲಾಗಿ ಒಂದು ಕಾಲೇಜು ಹುನ್ನೂರಿನಂಥ ಒಂದೇ ಊರನ್ನು ಎರಡು ವರ್ಷ ಹಿಡಿದು, ತಿಂಗಳಿಗೊಮ್ಮೆ ಹೋಗಿ ಕುಳಿತು, ಪಿಂಚಣಿ ಅರ್ಜಿ, ಉತಾರದ ತಿದ್ದುಪಡಿ, ಜನನ-ಮರಣ ದಾಖಲೆಗಳ ಕೆಲಸವನ್ನು ಮಾಡಿಕೊಡಬಹುದು. ಹಿರಿಯ ವಕೀಲರಿಂದಲೂ ಒಂದು ನೆರವು ಬೇಕು: ತೀರ್ಪಾಗಿ ಮುಗಿದ ಕಡತಗಳಿಂದ ಹೆಸರುಗಳನ್ನು ಅಳಿಸಿ, ಅವನ್ನು ಹತ್ತಿರದ ಕಾಲೇಜಿಗೆ ಅಭ್ಯಾಸಕ್ಕೆಂದು ಕೊಡಲಿ. ಹದಿನೈದು ಕರಡುಗಳನ್ನು ಹಿಂದಿನ ವರ್ಷದ ವಿದ್ಯಾರ್ಥಿಯ ಪುಸ್ತಕದಿಂದ ನಕಲು ಮಾಡುವ ರೂಢಿ ಆಗಲಾದರೂ ನಿಂತೀತು.