ಇಂಗ್ಲಿಷಿನ ‘ಟೇಕ್’ ಎಂದರೆ ಗುಳಿಗೆ ನುಂಗುವುದು ಎಂದೇ ಅರ್ಥವೇ?

ಔಷಧಿಯ ಸೂಚನೆಯಲ್ಲಿರುವ ‘ಟೇಕ್’ ಎಂಬ ಇಂಗ್ಲಿಷ್ ಕ್ರಿಯಾಪದವನ್ನು ‘ತೆಗೆದುಕೊಳ್ಳಿ’ ಎಂದು ಅನುವಾದಿಸಿದರೆ ಸಾಕು ಎಂದು ಹಲವರು ಭಾವಿಸುತ್ತಾರೆ. ಇದು ಅರ್ಧ ಸತ್ಯ ಮಾತ್ರ.

ವಿಜಯಪುರ ಜಿಲ್ಲೆಯ ನಿಡೋಣಿ ಕಡೆ ಮಾತ್ರೆಗೆ ‘ಗುಳಿಗಿ’ ಎನ್ನುತ್ತಾರೆ. ‘ಗುಳಿಗಿ ತಗೋ’ ಎಂದರೆ ಮೊದಲು ಹೊಳೆಯುವುದು ನುಂಗುವುದು. ಆದರೆ ಎಲ್ಲ ಗುಳಿಗೆಗಳೂ ನುಂಗುವಂಥವಲ್ಲ.

ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಕೊಡುತ್ತಾರೆ. ದೊಡ್ಡ ಮಕ್ಕಳು ಅದನ್ನು ಅಗಿದು ತಿನ್ನಬೇಕು. ಪುಟ್ಟ ಮಕ್ಕಳಿಗೆ ಪುಡಿಮಾಡಿ ನೀರಿನಲ್ಲಿ ಬೆರೆಸಿ ಕುಡಿಸಬೇಕು. ಇಡಿಯಾಗಿ ನುಂಗಿಸಿದರೆ ಗಂಟಲಲ್ಲಿ ಸಿಕ್ಕಿ ಉಸಿರುಗಟ್ಟಬಹುದು. ಭೇದಿಯಾದ ಮಕ್ಕಳಿಗೆ 14 ದಿನ ಕೊಡುವ ಜಿಂಕ್ ಗುಳಿಗೆಯನ್ನು ನೀರಿನಲ್ಲೋ ತಾಯಿಯ ಹಾಲಿನಲ್ಲೋ ಕರಗಿಸುತ್ತಾರೆ. ಇದಕ್ಕೆ ತದ್ವಿರುದ್ಧವಾಗಿ, ನಿಧಾನವಾಗಿ ಬಿಡುಗಡೆಯಾಗುವ ಗುಳಿಗೆಗಳನ್ನು ಅಗಿಯಲೇಬಾರದು. ಅಗಿದರೆ ಇಡೀ ದಿನದ ಔಷಧಿ ಒಮ್ಮೆಲೇ ದೇಹ ಸೇರಬಹುದು.

ಬೇರೆ ಭಾಷೆಗಳಲ್ಲೂ ಈ ತೊಡಕಿದೆ. ಜರ್ಮನ್ ಭಾಷೆಯಲ್ಲಿ ‘ತೆಗೆದುಕೊಳ್ಳು’ ಎಂಬುದಕ್ಕೆ ಸಾಮಾನ್ಯ ಪದ ‘ನೇಮೆನ್’. ಔಷಧಿ ಚೀಟಿಗಳಲ್ಲಿ ಮಾತ್ರ ಬಾಯಿಯ ಮೂಲಕ ಸೇವಿಸುವುದಕ್ಕೆ ‘ಐನ್‌ನೇಮೆನ್’, ಮುಲಾಮಿನಂಥವುಗಳ ಬಳಕೆಗೆ ‘ಆನ್‌ವೆಂಡೆನ್’ ಎಂದು ಬರೆಯುತ್ತಾರೆ. ಅಂದರೆ ಅಲ್ಲಿಯೂ ಅನುವಾದಕರು ಪದವನ್ನಲ್ಲ, ಕ್ರಿಯೆಯನ್ನು ನೋಡಬೇಕು.

ನಮ್ಮ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ: ನುಂಗು, ಅಗಿ, ಚೀಪು, ಕರಗಿಸು, ಕುಡಿ, ಹಚ್ಚು. ಹಾಗಾಗಿ ‘ತೆಗೆದುಕೊಳ್ಳಿ’ ಎಂದಷ್ಟೇ ಹೇಳಿದರೆ ಸುಮ್ಮನೆ ಬರಬೇಡಿ. ‘ಇದನ್ನ ನುಂಗೋದೋ, ಅಗಿಯೋದೋ, ನೀರಾಗ ಕರಗಿಸೋದೋ?’ ಎಂದು ವೈದ್ಯರನ್ನೋ ಔಷಧಿ ಅಂಗಡಿಯವರನ್ನೋ ಕೇಳಿ.