ಕೈಗೆ ಬರುವ ವೇತನ: ನೇಮಕಪತ್ರದ ಅಂಕಿಗೂ ಬ್ಯಾಂಕಿನ ಜಮೆಗೂ ನಡುವಿನ ಲೆಕ್ಕ

ನೇಮಕಪತ್ರದಲ್ಲಿ ವಾರ್ಷಿಕ 12 ಲಕ್ಷ ರೂಪಾಯಿ ಎಂದು ನಮೂದಾಗಿದ್ದರೆ, ತಿಂಗಳಿಗೆ 1 ಲಕ್ಷ ರೂಪಾಯಿ ಕೈಸೇರುವುದೆಂದು ನೌಕರನು ಭಾವಿಸುವುದು ಸಹಜ. ಮೊದಲ ತಿಂಗಳ ಕೊನೆಗೆ ಖಾತೆಯಲ್ಲಿ 78,800 ರೂಪಾಯಿ ಮಾತ್ರ ಜಮೆಯಾದಾಗ ತನಗೆ ವಂಚನೆಯಾಯಿತೆಂದು ಆತನಿಗೆ ತೋರುತ್ತದೆ. ಮಾಲೀಕನಿಗಾದರೋ, ಒಪ್ಪಿದ್ದಕ್ಕಿಂತ ಒಂದು ರೂಪಾಯಿಯನ್ನೂ ಕಡಿಮೆ ಕೊಟ್ಟಿಲ್ಲವೆಂಬ ದೃಢ ನಂಬಿಕೆ. ಇಬ್ಬರ ಮಾತೂ ಅವರವರ ಲೆಕ್ಕದಲ್ಲಿ ಸರಿಯೇ. ಆದರೆ ಈ ಅಂತರವನ್ನು ಮೊದಲೇ ವಿವರಿಸದಿದ್ದಲ್ಲಿ ಉಂಟಾಗುವ ಅವಿಶ್ವಾಸದಿಂದ ಉದ್ಯಮವು ನುರಿತ ಸಿಬ್ಬಂದಿಯನ್ನೇ ಕಳೆದುಕೊಳ್ಳಬೇಕಾದೀತು. ಆದುದರಿಂದ ಈ ಲೆಕ್ಕವನ್ನು ಉದ್ಯಮಿಯೂ ನೌಕರನೂ ಸಮಾನವಾಗಿ ಅರಿತಿರುವುದು ಅಗತ್ಯ.

ಸಂಸ್ಥೆಯ ವೆಚ್ಚ ಬೇರೆ, ಒಟ್ಟು ವೇತನ ಬೇರೆ

ರೂಢಿಯಲ್ಲಿ 'ಸಿಟಿಸಿ' ಎಂದು ಕರೆಯುವ ಮೊತ್ತವು ನೌಕರನಿಗಾಗಿ ಸಂಸ್ಥೆಯು ವರ್ಷದಲ್ಲಿ ಮಾಡುವ ಸಮಗ್ರ ವೆಚ್ಚವೇ ಹೊರತು ಆತನ ವೇತನವಲ್ಲ. ಮೇಲಿನ ಉದಾಹರಣೆಯಲ್ಲಿ ಮೂಲವೇತನವು ಸಿಟಿಸಿಯ ಅರ್ಧ, ಅಂದರೆ ತಿಂಗಳಿಗೆ 50,000 ರೂಪಾಯಿ ಎಂದಿಟ್ಟುಕೊಳ್ಳಬಹುದು. ಆಗ ಭವಿಷ್ಯನಿಧಿಗೆ ಮಾಲೀಕರ ವಂತಿಗೆ ಶೇಕಡ 12ರಂತೆ ವರ್ಷಕ್ಕೆ 72,000 ರೂಪಾಯಿ. ಒಂದು ವರ್ಷದ ಸೇವೆಗೆ 15 ದಿನಗಳ ವೇತನದಂತೆ, ತಿಂಗಳಿಗೆ 26 ದಿನಗಳ ಲೆಕ್ಕದಲ್ಲಿ, ಗ್ರಾಚ್ಯುಯಿಟಿಗಾಗಿ ತೆಗೆದಿರಿಸುವುದು 28,846 ರೂಪಾಯಿ. ಸಾಮೂಹಿಕ ವಿಮೆಯ ಕಂತು 9,154 ರೂಪಾಯಿ. ವರ್ಷಾಂತ್ಯದ ಪ್ರೋತ್ಸಾಹಧನ 70,000 ರೂಪಾಯಿ. ಇವೆಲ್ಲ ಸೇರಿ 1,80,000 ರೂಪಾಯಿ ಆಗುತ್ತದೆ. ಉಳಿದ 10,20,000 ರೂಪಾಯಿಯೇ ಹನ್ನೆರಡು ಕಂತುಗಳಾಗಿ, ತಿಂಗಳಿಗೆ 85,000 ರೂಪಾಯಿಯ ಒಟ್ಟು ವೇತನವಾಗುವುದು.

ಗಮನಿಸಬೇಕಾದ ಅಂಶವೆಂದರೆ, ಗ್ರಾಚ್ಯುಯಿಟಿಯು ಖಾಯಂ ನೌಕರನಿಗೆ ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆಯ ನಂತರವೇ ದೊರೆಯುವಂಥದು. ಪ್ರೋತ್ಸಾಹಧನವಂತೂ ಷರತ್ತಿಗೆ ಒಳಪಟ್ಟದ್ದು. ಇವೆರಡನ್ನೂ ಖಚಿತ ಆದಾಯವೆಂದು ಎಣಿಸಿ ಮನೆಸಾಲದ ಕಂತನ್ನು ನಿಗದಿಪಡಿಸಿಕೊಳ್ಳುವುದು ವಿವೇಕವಲ್ಲ.

ಶಾಸನಬದ್ಧ ಕಡಿತಗಳು

ಒಟ್ಟು ವೇತನದಿಂದ ಮೊದಲು ಕಳೆಯುವುದು ಭವಿಷ್ಯನಿಧಿಗೆ ನೌಕರನ ಪಾಲಾದ ಶೇಕಡ 12, ಅಂದರೆ 6,000 ರೂಪಾಯಿ. ಎರಡನೆಯದು ವೃತ್ತಿ ತೆರಿಗೆ. ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ, ತಿಂಗಳಿಗೆ 25,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ವೇತನವುಳ್ಳವರಿಗೆ ಮಾತ್ರ ಇದು ಅನ್ವಯಿಸುತ್ತದೆ. ತಿಂಗಳಿಗೆ 200 ರೂಪಾಯಿ. 2025ರ ತಿದ್ದುಪಡಿಯ ಪ್ರಕಾರ ಫೆಬ್ರವರಿಯಲ್ಲಿ ಮಾತ್ರ 300 ರೂಪಾಯಿ. ಹೀಗೆ ವರ್ಷಕ್ಕೆ ಸಂವಿಧಾನದ 276ನೆಯ ವಿಧಿಯು ನಿಗದಿಪಡಿಸಿದ ಗರಿಷ್ಠ ಮಿತಿಯಾದ 2,500 ರೂಪಾಯಿ ಆಗುತ್ತದೆ. ಈ ಎರಡು ಕಡಿತಗಳ ನಂತರ ಉಳಿಯುವುದೇ 78,800 ರೂಪಾಯಿ.

ಭವಿಷ್ಯನಿಧಿಯನ್ನು ಪೂರ್ಣ ಮೂಲವೇತನದ ಬದಲು ಶಾಸನಬದ್ಧ ಮಿತಿಯಾದ 15,000 ರೂಪಾಯಿಯ ಮೇಲೆ ಮಾತ್ರ ಕಟ್ಟುವ ಸಂಸ್ಥೆಗಳೂ ಇವೆ. ಆಗ ಕಡಿತವು 1,800 ರೂಪಾಯಿಗೆ ಇಳಿದು, ಕೈಗೆ ಬರುವ ವೇತನ 4,200 ರೂಪಾಯಿಯಷ್ಟು ಏರುತ್ತದೆ. ಆದರೆ ಇಬ್ಬರ ಪಾಲೂ ಸೇರಿ ವರ್ಷಕ್ಕೆ 1,00,800 ರೂಪಾಯಿಯಷ್ಟು ನಿವೃತ್ತಿ ಉಳಿತಾಯ ಕಡಿಮೆಯಾಗುತ್ತದೆ ಎಂಬುದನ್ನು ಮರೆಯಲಾಗದು.

ಕಡಿಮೆ ವೇತನದ ಕಾರ್ಮಿಕರ ಲೆಕ್ಕ ಬೇರೆಯದು. ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರು ರಾಜ್ಯ ವಿಮಾ ಯೋಜನೆಯ ವ್ಯಾಪ್ತಿಗೆ ಬರುತ್ತಾರೆ. 20,000 ರೂಪಾಯಿ ವೇತನದಲ್ಲಿ ಕಾರ್ಮಿಕನ ಪಾಲು ಶೇಕಡ 0.75ರಂತೆ 150 ರೂಪಾಯಿ, ಮಾಲೀಕರ ಪಾಲು ಶೇಕಡ 3.25ರಂತೆ 650 ರೂಪಾಯಿ. ಭವಿಷ್ಯನಿಧಿಗೆ 1,800 ರೂಪಾಯಿ ಕಳೆದರೆ ಆತನ ಕೈಸೇರುವುದು 18,050 ರೂಪಾಯಿ. ವೃತ್ತಿ ತೆರಿಗೆ ಇಲ್ಲ.

ಆದಾಯ ತೆರಿಗೆ

ಮೊದಲ ಉದಾಹರಣೆಯಲ್ಲಿ ಆದಾಯ ತೆರಿಗೆ ಏಕೆ ಕಡಿತವಾಗಲಿಲ್ಲ ಎಂಬ ಪ್ರಶ್ನೆ ಏಳಬಹುದು. 2025-26ನೆಯ ಆರ್ಥಿಕ ವರ್ಷಕ್ಕೆ, ಹೊಸ ಪದ್ಧತಿಯಲ್ಲಿ ವೇತನದಾರರಿಗೆ 75,000 ರೂಪಾಯಿಯ ಪ್ರಮಾಣಿತ ಕಡಿತವಿದೆ. ಪ್ರೋತ್ಸಾಹಧನವೂ ಸೇರಿ 10,90,000 ರೂಪಾಯಿ ವೇತನದಲ್ಲಿ ಇದನ್ನು ಕಳೆದರೆ ತೆರಿಗೆಗೊಳಪಡುವ ಆದಾಯ 10,15,000 ರೂಪಾಯಿ. ಇದಕ್ಕೆ ದರಪಟ್ಟಿಯಂತೆ 41,500 ರೂಪಾಯಿ ತೆರಿಗೆ ಬರುತ್ತದಾದರೂ, 12 ಲಕ್ಷದವರೆಗಿನ ಆದಾಯಕ್ಕೆ ಲಭ್ಯವಿರುವ ರಿಯಾಯಿತಿಯಿಂದ ಅದು ಪೂರ್ಣ ರದ್ದಾಗುತ್ತದೆ.

ಇದೇ ನೌಕರನು ಹಳೆಯ ಪದ್ಧತಿಯನ್ನು ಆಯ್ದುಕೊಂಡನೆನ್ನೋಣ. ಪ್ರಮಾಣಿತ ಕಡಿತ 50,000, ವೃತ್ತಿ ತೆರಿಗೆ 2,500, ಉಳಿತಾಯಕ್ಕಾಗಿ 80ಸಿ ಅಡಿಯಲ್ಲಿ 1,50,000 ರೂಪಾಯಿ ಕಳೆದರೂ, ಸೆಸ್ ಸೇರಿ 93,600 ರೂಪಾಯಿ ತೆರಿಗೆ, ಅಂದರೆ ತಿಂಗಳಿಗೆ 7,800 ರೂಪಾಯಿ. ಮನೆ ಬಾಡಿಗೆ ಭತ್ಯೆ, ಗೃಹಸಾಲದ ಬಡ್ಡಿ ಮೊದಲಾದ ದೊಡ್ಡ ವಿನಾಯಿತಿಗಳಿಲ್ಲದವರು ಅಭ್ಯಾಸಬಲದಿಂದ ಹಳೆಯ ಪದ್ಧತಿಯನ್ನೇ ಬರೆದುಕೊಟ್ಟರೆ ಆಗುವ ನಷ್ಟ ಇಷ್ಟು.

ವರ್ಷದ ನಡುವೆ ಉದ್ಯೋಗ ಬದಲಾದಾಗ

ವಾರ್ಷಿಕ 15 ಲಕ್ಷ ರೂಪಾಯಿ ವೇತನಕ್ಕೆ ಹೊಸ ಪದ್ಧತಿಯಲ್ಲಿ ಸೆಸ್ ಸಹಿತ ತೆರಿಗೆ 97,500 ರೂಪಾಯಿ. ತಿಂಗಳಿಗೆ 8,125 ರೂಪಾಯಿಯಂತೆ ಕಡಿತವಾಗುತ್ತದೆ. ನೌಕರನು ಅಕ್ಟೋಬರ್‌ನಲ್ಲಿ ಅದೇ ವೇತನಕ್ಕೆ ಬೇರೆ ಸಂಸ್ಥೆ ಸೇರಿ, ಹಿಂದಿನ ಆರು ತಿಂಗಳ ವೇತನದ ವಿವರವನ್ನು ಕೊಡದಿದ್ದರೆ, ಹೊಸ ಸಂಸ್ಥೆಗೆ ಕಾಣುವುದು 7.5 ಲಕ್ಷ ಮಾತ್ರ. ಅದರ ಲೆಕ್ಕದಲ್ಲಿ ತೆರಿಗೆ ಶೂನ್ಯ. ಆರು ತಿಂಗಳು ಕೈತುಂಬ ವೇತನ ಬಂದುದಕ್ಕೆ ಸಂತೋಷಪಟ್ಟವನು, ವಿವರಪತ್ರ ಸಲ್ಲಿಸುವಾಗ 48,750 ರೂಪಾಯಿಯನ್ನು ಬಡ್ಡಿಸಹಿತ ತೆರಬೇಕಾಗುತ್ತದೆ. ಹೊಸ ನೌಕರನಿಂದ ಈ ವಿವರವನ್ನು ಸೇರಿದ ದಿನವೇ ಕೇಳಿ ಪಡೆಯುವುದು ಲೆಕ್ಕಪತ್ರ ವಿಭಾಗದ ಕರ್ತವ್ಯವಾಗಬೇಕು.

ಕಡಿತವಾದ ಹಣ ಯಾರದು?

ವೇತನದಿಂದ ಕಡಿತವಾದ ಹಣವು ಸಂಸ್ಥೆಯ ದುಡಿಯುವ ಬಂಡವಾಳವಲ್ಲ. ಮೂಲದಲ್ಲಿ ಕಡಿತವಾದ ತೆರಿಗೆಯನ್ನು ಮುಂದಿನ ತಿಂಗಳ 7ರೊಳಗೆ, ಮಾರ್ಚ್‌ನದನ್ನು ಏಪ್ರಿಲ್ 30ರೊಳಗೆ, ಭವಿಷ್ಯನಿಧಿಯನ್ನು 15ರೊಳಗೆ ಪಾವತಿಸಬೇಕು. ಚೆಕ್‌ಮೇಟ್ ಸರ್ವೀಸಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2022ರ ಅಕ್ಟೋಬರ್‌ನಲ್ಲಿ ನೀಡಿದ ತೀರ್ಪಿನಂತೆ, ನೌಕರರ ವಂತಿಗೆಯನ್ನು ಗಡುವಿನೊಳಗೆ ಕಟ್ಟದಿದ್ದರೆ 1961ರ ಆದಾಯ ತೆರಿಗೆ ಕಾಯ್ದೆಯಡಿ ಆ ಮೊತ್ತವನ್ನು ಮಾಲೀಕರ ಆದಾಯವೆಂದೇ ಪರಿಗಣಿಸಲಾಗುತ್ತದೆ. ನಂತರ ಕಟ್ಟಿದರೂ ವೆಚ್ಚವೆಂದು ಕಳೆಯಲು ಬರುವುದಿಲ್ಲ. ಒಂದು ದಿನದ ವಿಳಂಬವೂ ದುಬಾರಿಯಾಗಬಲ್ಲದು.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಈ ವಿಷಯಕ್ಕೆ ಇನ್ನಷ್ಟು ಮಹತ್ವ ತಂದಿವೆ. ವೇತನದ ವ್ಯಾಖ್ಯೆಯಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೇ ಸೇರಿಸಬೇಕು. ಮೂಲವೇತನವನ್ನು ಕಿರಿದಾಗಿಸಿ ಭತ್ಯೆಗಳನ್ನು ಹಿಗ್ಗಿಸಿದ್ದ ಸಂಸ್ಥೆಗಳ ಗ್ರಾಚ್ಯುಯಿಟಿ ಹೊಣೆ ಇದರಿಂದ ಹೆಚ್ಚುತ್ತದೆ. ವೇತನಚೀಟಿ ನೀಡುವುದೂ ಮಾಲೀಕರ ಕಡ್ಡಾಯ ಕರ್ತವ್ಯ.

ನೇಮಕಪತ್ರದೊಡನೆ ಒಂದೇ ಪುಟದ ತಖ್ತೆಯೊಂದನ್ನು ಲಗತ್ತಿಸಿ, ಸಂಸ್ಥೆಯ ವೆಚ್ಚ, ಒಟ್ಟು ವೇತನ, ಪ್ರತಿಯೊಂದು ಕಡಿತ, ಕೈಗೆ ಬರುವ ಮೊತ್ತ ಇವುಗಳನ್ನು ಸಾಲಾಗಿ ತೋರಿಸಿದರೆ ಬಹುಪಾಲು ವಿವಾದಗಳು ಹುಟ್ಟುವುದೇ ಇಲ್ಲ. ಅದಕ್ಕೆ ತಗಲುವ ವೆಚ್ಚ ಒಂದು ಹಾಳೆ ಕಾಗದ. ಉಳಿಯುವುದು ಪರಸ್ಪರ ವಿಶ್ವಾಸ.